ಹೊಸಕೋಟೆಯಿಂದ ಕಡಲಾಚೆಗೆ ಹೋದ ಉಣ್ಣೆ

ಮದುವೆಯಾದ ಎರಡನೇ ವರ್ಷಕ್ಕೆ ನಾನು ಮಧುಗಿರಿಯಲ್ಲಿ ಹೊಲಿಗೆ ಮಿಷನ್ ಟೀಚರಮ್ಮ ಆದೆ. ಅದಕ್ಕೆ ಮುಂಚೆ ಶಿರಾ ಪಕ್ಕದ ನಮ್ಮೂರಿನ ಹೊಲ, ಕಣ, ಕುರಿಹಟ್ಟಿ ಬಿಟ್ಟರೆ ಬೇರೇನೂ ಕಂಡವಳಲ್ಲ. ಶಿರಾದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಲೋಯರ್ ಸೆಕೆಂಡರಿ ಪಾಸು ಮಾಡಿದ್ದೆ ಅನ್ನುವುದೊಂದೇ ನನ್ನ ಹೆಚ್ಚುಗಾರಿಕೆ. ನಮ್ಮ ಯಜಮಾನರು ಮಿಷನ್ ಕಂಪನಿಯಲ್ಲಿ ಮೆಕಾನಿಕ್ಕು. ಕೋಟೆ ಬಾಗಿಲಿಗೆ ಹತ್ತಿರ ಕಂಪನಿಯ ಅಂಗಡಿ, ಅದರ ಹಿಂದೆಯೇ ನಮ್ಮ ಮನೆ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ.

ಮಿಷನ್ ಕೊಂಡ ಮನೆಗಳಲ್ಲಿ ಹೆಂಗಸರು ಗಂಡಸರ ಮುಂದೆ ಕೂತು ಹೊಲಿಗೆ ಕಲಿಯಲು ಒಪ್ಪುತ್ತಿರಲಿಲ್ಲ. ಬೆಂಗಳೂರಿನಿಂದ ಬಂದ ಸೂಪರ್‌ವೈಸರು ಇದನ್ನು ನೋಡಿ, ನಿಮ್ಮ ಮನೆಯವರು ಓದಿದ್ದಾರಲ್ಲ, ಅವರೇ ಕಲಿತು ಕಲಿಸಬಾರದೇ ಅಂತ ಯಜಮಾನರನ್ನು ಕೇಳಿದರು. ಅತ್ತೆ ಮೂರು ದಿನ ಯೋಚನೆ ಮಾಡಿ, ಹೋಗುವುದಾದರೆ ಇಬ್ಬರೂ ಒಟ್ಟಿಗೇ ಹೋಗಿ ಒಟ್ಟಿಗೇ ಬರಬೇಕು ಅಂದರು. ಅವರು ಕಟ್ಟುನಿಟ್ಟು ಅಂತ ಹೇಳಿದ ಮಾತು ನನಗೆ ಹಬ್ಬವಾಗಿತ್ತು. ಗಂಡ ಹೆಂಡತಿ ಹಗಲು ಹೊತ್ತಿನಲ್ಲಿ ಎದುರು ನಿಂತು ಮಾತಾಡಿದರೆ ಜನ ತಿರುಗಿ ನೋಡುತ್ತಿದ್ದ ಕಾಲ. ನಮಗೆ ಮಾತ್ರ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಕೊರಟಗೆರೆ, ಶಿರಾ, ಪಾವಗಡ ಸುತ್ತುವುದು ಕಂಪನಿಯ ಕೆಲಸವಾಗಿಬಿಟ್ಟಿತು. ಆ ವರ್ಷಗಳಲ್ಲಿ ನನಗೆ ನಗು ಬಹಳ. ಬಸ್ಸು ಕೆಟ್ಟು ನಿಂತರೂ ನಗು, ಜೋರಾಗಿ ಓಡಿದರೂ ನಗು. ಯಜಮಾನರು ಗಂಭೀರ ಮನುಷ್ಯ. ನಾನು ನಗಲು ಶುರು ಮಾಡಿದರೆ ಟೂಲ್ಸ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

ಕಂಪನಿಯ ಮೂಲ ಎಲ್ಲೋ ಸಮುದ್ರದಾಚೆ. ಅದೇ ಮಿಷನ್ನು, ಅದೇ ಬಂಗಾರದ ಬಣ್ಣದ ಬಳ್ಳಿ ಬರೆದ ಕರಿ ಮಿಷನ್ನು, ಸಿಲೋನಿನಲ್ಲೂ ಇತ್ತು, ಬರ್ಮಾದಲ್ಲೂ ಇತ್ತು, ಅರಬರ ದೇಶದಲ್ಲೂ ಜಾವಾದಲ್ಲೂ ಇತ್ತು. ಪ್ರತಿ ದೇಶಕ್ಕೂ ಒಂದು ಶಾಖೆ. ಒಂದು ಶಾಖೆಯವರು ಏನಾದರೂ ಹೊಸ ಉಪಾಯ ಕಂಡುಕೊಂಡರೆ ಅದನ್ನು ಹೆಡ್ಡಾಫೀಸಿಗೆ ಬರೆಯಬೇಕು. ಹೆಡ್ಡಾಫೀಸಿನವರು ಅದನ್ನು ಅಚ್ಚು ಹಾಕಿಸಿ ಮಿಕ್ಕ ಎಲ್ಲ ದೇಶಗಳಿಗೂ ಕಳಿಸುತ್ತಿದ್ದರು. ಹೀಗೆ ತಿಂಗಳಿಗೊಂದು ಸಲ ನಮ್ಮ ಮಧುಗಿರಿಯ ಅಂಗಡಿಗೆ ಒಂದು ಕಂದು ಬಣ್ಣದ ಲಕೋಟೆ ಬರುತ್ತಿತ್ತು. ಯಜಮಾನರು ಇಂಗ್ಲಿಷಿನಲ್ಲಿ ಓದಿ ಅರ್ಥ ಹೇಳುವುದು, ನಾನು ಅದನ್ನು ಕನ್ನಡದಲ್ಲಿ ಬರೆದುಕೊಂಡು ಕ್ಲಾಸಿನಲ್ಲಿ ಹೇಳುವುದು.

ಕೆಲವು ಬಹಳ ಉಪಯೋಗಕ್ಕೆ ಬಂದವು. ಬರಿಗಾಲಲ್ಲಿ ತುಳಿಯುವವರು ಕಬ್ಬಿಣದ ಪೆಡಲಿನ ಮೇಲೆ ಚಾಪೆಯ ತುಂಡು ಕಟ್ಟಿಕೊಳ್ಳಿ ಅಂತ ಜಾವಾದಿಂದ ಬಂದದ್ದನ್ನು ನಮ್ಮ ಕಡೆಯ ಹೆಂಗಸರೆಲ್ಲ ಒಂದೇ ವಾರದಲ್ಲಿ ಮಾಡಿಕೊಂಡರು. ಕೆಲವು ಹಾಗಲ್ಲ. ಬೇಸಿಗೆಯ ನಡುಮಧ್ಯದಲ್ಲಿ, ಕೊರಟಗೆರೆಯ ಒಂದು ಜಗಲಿಯ ಮೇಲೆ ಹನ್ನೆರಡು ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದಾಗ, ನಾನು ಕಂಪನಿಯ ಆಜ್ಞೆಯಂತೆ ನಿಂತು ಓದಿದೆ: ಮಂಜು ಬೀಳುವ ದಿನಗಳಲ್ಲಿ ಎಣ್ಣೆ ಹೆಪ್ಪುಗಟ್ಟದ ಹಾಗೆ ಮಿಷನ್ನನ್ನು ಒಲೆಯ ಹತ್ತಿರ ಇಟ್ಟುಕೊಳ್ಳತಕ್ಕದ್ದು. ಸೆರಗುಗಳೆಲ್ಲ ಗಾಳಿ ಹಾಕುವುದನ್ನು ನಿಲ್ಲಿಸಿದವು. ಆಮೇಲೆ ಒಬ್ಬಳು, ಆ ಊರಿಗೆ ನಮ್ಮ ಬಿಸಿಲನ್ನು ಒಂದು ಮೂಟೆ ಕಟ್ಟಿ ಕಳಿಸಬಹುದಾ ಟೀಚರಮ್ಮ ಅಂತ ಕೇಳಿದಳು. ಆ ದಿನ ಯಾರೂ ಒಂದು ಗೇಣು ಹೊಲಿಯಲಿಲ್ಲ.

ನಮಗೆ ಹೊರಗಿನಿಂದ ಇಷ್ಟೆಲ್ಲ ಬರುತ್ತಿತ್ತೇ ಹೊರತು ನಮ್ಮಿಂದ ಏನೂ ಹೋಗುತ್ತಿರಲಿಲ್ಲ. ತಿಂಗಳ ರಿಪೋರ್ಟಿನ ಕೊನೆಯಲ್ಲಿ ‘ಹೊಸ ಸಂಗತಿ’ ಅಂತ ಒಂದು ಖಾಲಿ ಜಾಗವಿತ್ತು. ಯಜಮಾನರು ತಪ್ಪದೆ ಅದರಲ್ಲಿ ಒಂದು ಅಡ್ಡಗೆರೆ ಎಳೆಯುತ್ತಿದ್ದರು.

ಆಷಾಢದಲ್ಲಿ ಪಾವಗಡದ ಕಡೆಯಿಂದ ದೂರು ಬಂತು. ವೈ.ಎನ್. ಹೊಸಕೋಟೆಯಲ್ಲಿ ಕಂಪನಿಯ ಮಿಷನ್ನುಗಳು ಆರು ಇದ್ದವು. ಅವುಗಳಲ್ಲಿ ಐದು ನಿಂತುಹೋಗಿದ್ದವು. ನಾವು ಪಾವಗಡಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಗಾಡಿ ಕಟ್ಟಿಸಿಕೊಂಡು ಹೊರಟೆವು. ಆ ಗಾಳಿಯನ್ನು ಕಂಡವರೇ ಬಲ್ಲರು. ಕಡಲೆಕಾಯಿ ಬಿತ್ತಲು ಉತ್ತಿಟ್ಟ ಹೊಲಗಳಿಂದ ಕೆಂಪು ಧೂಳೆದ್ದು ಎತ್ತುಗಳ ಕೊಂಬೂ ಕಾಣುತ್ತಿರಲಿಲ್ಲ. ಹೊಸಕೋಟೆ ಮುಟ್ಟುವ ಹೊತ್ತಿಗೆ ಯಜಮಾನರ ಬಿಳಿ ಷರಟು ಕಾವಿಯಾಗಿತ್ತು, ಸನ್ಯಾಸಿಯ ಜೊತೆ ಬಂದ ಹಾಗಾಯಿತಲ್ಲ ಅಂತ ನಾನು ಅಂದೆ.

ನಿಂತುಹೋದ ಐದು ಮಿಷನ್ನುಗಳದ್ದೂ ಒಂದೇ ಕಾಯಿಲೆ. ಮಿಷನ್ನಿನ ನೆತ್ತಿಯ ಮೇಲೆ ಎಣ್ಣೆ ಬಿಡಲು ಸಣ್ಣ ತೂತುಗಳಿರುತ್ತವೆ. ಅವುಗಳಿಂದ ಧೂಳು ಇಳಿದು, ಒಳಗಿನ ಎಣ್ಣೆಯ ಜೊತೆ ಸೇರಿ ಕೆಸರಾಗಿತ್ತು. ಆರನೆಯದು ಮಾತ್ರ ಸರಾಗವಾಗಿ ಓಡುತ್ತಿತ್ತು. ಅದು ಎಲ್ಲಕ್ಕಿಂತ ಹಳೆಯದು, ಪಾವಗಡದ ಒಬ್ಬ ದರ್ಜಿಯಿಂದ ಬಂದದ್ದು. ಅದರ ಒಡತಿ ಐವತ್ತು ದಾಟಿದ ಹೆಂಗಸು. ಊರಿನ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದಳು. ಊರೆಲ್ಲ ಅವಳನ್ನು ದೊಡ್ಡಮ್ಮ ಅನ್ನುತ್ತಿತ್ತು, ನಾವೂ ಹಾಗೇ ಅಂದೆವು.

ಯಜಮಾನರು ಬಗ್ಗಿ ನೋಡಿದರು. ಪ್ರತಿ ತೂತಿನಲ್ಲೂ ಕರಿ ಉಣ್ಣೆಯ ಒಂದು ಸಣ್ಣ ಉಂಡೆ. ಶಿರಾ ಕಡೆಯ ಕಂಬಳಿಯ ಅಂಚಿನಿಂದ ಕಿತ್ತು, ಎಣ್ಣೆಯಲ್ಲಿ ಅದ್ದಿ ಇಟ್ಟದ್ದು ಅಂತ ಅವಳೇ ಹೇಳಿದಳು. ಮೇಲೆ ಎಣ್ಣೆ ಬಿಟ್ಟರೆ ಉಣ್ಣೆ ಕುಡಿದು ತೊಟ್ಟುತೊಟ್ಟಾಗಿ ಕೆಳಗೆ ಇಳಿಸುತ್ತಿತ್ತು, ಧೂಳು ಮೇಲೆಯೇ ನಿಲ್ಲುತ್ತಿತ್ತು. ಯಜಮಾನರಿಗೆ ಅದು ಸರಿ ಕಾಣಲಿಲ್ಲ. ಚಿಮಟದಿಂದ ಒಂದೊಂದೇ ಉಂಡೆ ಕಿತ್ತು ಹಾಕುತ್ತ, ಎಣ್ಣೆಯ ತೂತು ಯಾವಾಗಲೂ ಬಿಡುವಾಗಿರಬೇಕು, ಕಂಪನಿಯ ಪುಸ್ತಕದಲ್ಲಿ ಹಾಗೇ ಬರೆದಿದೆ ಅಂದರು.

“ಆ ಪುಸ್ತಕ ಬರ್ದೋರ್ ಊರಾಗೆ ಇಂಗೆ ಗಾಳಿ ಬೀಸ್ತದಾ ನಾಯ್ನಾ?” ಅಂದಳು ದೊಡ್ಡಮ್ಮ. ಆ ಕಡೆ ಮಗನ ವಯಸ್ಸಿನವರನ್ನು ಹಾಗೆ ತೆಲುಗಿನಲ್ಲಿ ನಾಯ್ನಾ ಅಂತಲೇ ಕರೆಯುವುದು.

ಯಜಮಾನರು ಮಿಕ್ಕ ಉಂಡೆಗಳನ್ನೂ ಕಿತ್ತು ಹಾಕಿದರು. ಆರೂ ಮಿಷನ್ನುಗಳನ್ನು ಪುಸ್ತಕದ ಪ್ರಕಾರ ಸರಿ ಮಾಡಿ ಬಂದರು. ಇಪ್ಪತ್ತು ದಿನ ಕಳೆದು ಮತ್ತೆ ದೂರು ಬಂತು. ಈ ಸಲ ಆರೂ ನಿಂತಿದ್ದವು. ನಾವು ಹೋದಾಗ ದೊಡ್ಡಮ್ಮ ತನ್ನ ಮಿಷನ್ನಿನ ಮುಂದೆ ಕೈಕಟ್ಟಿ ಕೂತಿದ್ದಳು. ಯಾಕೆ ಮತ್ತೆ ಉಣ್ಣೆ ಇಟ್ಟುಕೊಳ್ಳಲಿಲ್ಲ ಅಂತ ನಾನು ಕೇಳಿದೆ.

“ನಿನ್ ಗಂಡ ಬ್ಯಾಡ ಅಂದ್ಬುಟ್ಟ. ಓದ್ದೋನು ಹೇಳ್ದ ಮೇಲೆ ಹೆಂಗಿರ್ತದೋ ನೋಡಾನ ಅಂತ ಸುಮ್ಕಿದ್ದೆ ಕಣಮ್ಮ. ನೋಡ್ದೆ.”

ಯಜಮಾನರು ಮಿಷನ್ನಿನ ಚಕ್ರ ತಿರುಗಿಸಿ ನೋಡಿದರು. ಆಮೇಲೆ ನೆಲದ ಮೇಲೆ ಕೂತು, ಹೇಗೆ ಇಡುತ್ತೀರೋ ತೋರಿಸಿ ದೊಡ್ಡಮ್ಮ ಅಂದರು. ಆ ದಿನವೇ ಆರೂ ಮಿಷನ್ನುಗಳಿಗೆ ಅವಳ ಕೈಯಿಂದಲೇ ಉಣ್ಣೆ ಇಡಿಸಿದೆವು. ಗಾಡಿಯಲ್ಲಿ ವಾಪಸು ಬರುವಾಗ ಅವರು ಬಹಳ ದೂರ ಸುಮ್ಮನಿದ್ದರು. ಕೋಪ ಬಂದಿರಬೇಕು ಅಂದುಕೊಂಡು ನಾನೂ ಸುಮ್ಮನಿದ್ದೆ. ಇದ್ದಕ್ಕಿದ್ದಂತೆ ಅವರ ಭುಜ ಅಲುಗತೊಡಗಿತು. ನಗುತ್ತಿದ್ದರು. ನಾನು ಮದುವೆಯಾದ ಮೇಲೆ ಅವರು ಹಾಗೆ ನಕ್ಕದ್ದನ್ನು ಕಂಡದ್ದು ಅದೇ ಮೊದಲು. ಪಾವಗಡ ಬರುವವರೆಗೂ ನಾವಿಬ್ಬರೂ ನಿಲ್ಲಿಸಲಾರದೆ ನಕ್ಕೆವು. ಗಾಡಿಯವನು ಎರಡು ಸಲ ತಿರುಗಿ ನೋಡಿದ.

ಅದಾದ ಮೇಲೆ ಹೊಸಕೋಟೆಯಿಂದ ದೂರು ಬರಲಿಲ್ಲ. ಉಣ್ಣೆ ಇಡಿಸಿ ಬಂದ ತಿಂಗಳ ರಿಪೋರ್ಟಿನಲ್ಲಿ ‘ಹೊಸ ಸಂಗತಿ’ಯ ಜಾಗದಲ್ಲಿ ನಾನು ಗೆರೆ ಎಳೆಯಲು ಬಿಡಲಿಲ್ಲ. ನಾನು ಕನ್ನಡದಲ್ಲಿ ಹೇಳಿದೆ, ಅವರು ಇಂಗ್ಲಿಷಿನಲ್ಲಿ ಬರೆದರು. ಕಂಬಳಿಗೆ ಇಂಗ್ಲಿಷು ಏನು ಅಂತ ಇಬ್ಬರಿಗೂ ಜಗಳವಾಯಿತು. ಕೊನೆಗೆ ‘ಕುರಿಯ ಕೂದಲು’ ಅನ್ನುವ ಅರ್ಥ ಬರುವ ಹಾಗೆ ಬರೆದು ಕಳಿಸಿದರು. ಅದರಿಂದ ಆದ ಫಜೀತಿ ಅಷ್ಟಿಷ್ಟಲ್ಲ. ಒಂದು ಕುರಿಯ ಕೂದಲು ಎಷ್ಟು ಮಿಷನ್ನಿಗೆ ಸಾಕು ಅಂತ ಬೆಂಗಳೂರಿನಿಂದ ಕಾಗದ ಬಂತು. ಯಾವ ಬಣ್ಣದ ಕುರಿ ಅಂತ ಮದರಾಸಿನಿಂದ ಬಂತು. ನಾನು ಅತ್ತೆಯ ಹಳೇ ಕಂಬಳಿಯಿಂದ ಒಂದು ಹಿಡಿ ಉಣ್ಣೆ ಕಿತ್ತು, ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ ಅಂಚೆಗೆ ಹಾಕಿಸಿದೆ. ಡಬ್ಬಿ ತೆಗೆದ ದಿನ ಬೆಂಗಳೂರಿನ ಆಫೀಸೆಲ್ಲ ಕುರಿಹಟ್ಟಿಯ ವಾಸನೆ ಹೊಡೆಯಿತಂತೆ. ಅತ್ತೆ ಕಂಬಳಿಯ ಮೂಲೆ ನೋಡಿ, ಇಲಿ ಕಡಿದಿದೆ ಅಂತ ಬಹಳ ದಿನ ಇಲಿಯನ್ನು ಬೈದರು.

ವರ್ಷವಾಗುತ್ತ ಬಂದಾಗ, ಒಂದು ಮಧ್ಯಾಹ್ನ, ಕಂದು ಲಕೋಟೆ ಬಂತು. ಯಜಮಾನರು ಅಂಗಡಿಯಲ್ಲಿ ಅದನ್ನು ಒಡೆದು, ಎರಡು ಸಾಲು ಓದಿ, ನನ್ನನ್ನು ಕೂಗಿದರು. ಧೂಳಿನ ಪ್ರದೇಶಗಳಲ್ಲಿ ಎಣ್ಣೆಯ ತೂತುಗಳಿಗೆ ಉಣ್ಣೆಯ ಉಂಡೆ ಇಡತಕ್ಕದ್ದು ಅಂತ ಕಂಪನಿ ತನ್ನ ಎಲ್ಲ ದೇಶಗಳ ಶಾಖೆಗಳಿಗೂ ಅಚ್ಚು ಹಾಕಿಸಿ ಕಳಿಸಿತ್ತು. ಕೆಳಗೆ ಚಿತ್ರ ಬೇರೆ. ಹೊಸಕೋಟೆಯಿಂದ ಹೋದ ಬುದ್ಧಿ ಸಮುದ್ರ ದಾಟಿ, ಕೋಟು ಹಾಕಿಕೊಂಡು, ನಮಗೇ ಆಜ್ಞೆಯಾಗಿ ವಾಪಸು ಬಂದಿತ್ತು. ನಾನು ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಸಂತೆಗೆ ಹೋಗುವವರು ನಿಂತು ನೋಡಿದರು. ಯಜಮಾನರು ಆ ಹಾಳೆಯನ್ನು ಬಾಗಿಲಿಗೆ ಅಂಟಿಸಿ, ಕಿತ್ತು, ಮತ್ತೆ ಕಣ್ಣಿನ ಮಟ್ಟಕ್ಕೆ ಅಂಟಿಸಿದರು.

ಮಾರನೆಯ ವಾರವೇ ಅದೇ ಹಾಳೆಯ ಇನ್ನೊಂದು ಪ್ರತಿ ಹಿಡಿದು ಹೊಸಕೋಟೆಗೆ ಹೋದೆವು. ದೊಡ್ಡಮ್ಮ ಓದಿದವಳಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ಚಿತ್ರವನ್ನೇ ನೋಡಿದಳು. ಮಿಷನ್ನು ಸರಿಯಾಗಿತ್ತು, ಉಣ್ಣೆಯೂ ಸರಿಯಾಗಿತ್ತು. ಉಣ್ಣೆ ಇಡುತ್ತಿದ್ದ ಕೈ ಒಬ್ಬ ದೊರೆಯದು, ಗುಂಡಿ ಹಾಕಿದ ಉದ್ದ ತೋಳಿನದು.

“ಇದ್ ಯಾರ್ ಕೈ? ನನ್ ಕೈಯಾಗೆ ಬಳೆ ಅವೆ ಕಣಮ್ಮ,” ಅಂದಳು.

ಅವಳು ಅದನ್ನು ಕೋಪದಿಂದ ಹೇಳಲಿಲ್ಲ. ತಪ್ಪು ಎಣಿಸಿದವರಿಗೆ ತಿದ್ದಿ ಹೇಳುವ ಹಾಗೆ ಹೇಳಿದಳು. ನನಗೆ ಮಾತ್ರ ನಾಚಿಕೆಯಾಯಿತು. ರಿಪೋರ್ಟಿನಲ್ಲಿ ಸಾಕಷ್ಟು ಕುರಿಯ ವಿಷಯ ಬರೆದಿದ್ದೆವು, ಇವಳ ವಿಷಯ ಒಂದು ಸಾಲೂ ಇರಲಿಲ್ಲ. ಮನೆಗೆ ಬಂದು ನಾನೇ ಕೂತು ಬೆಂಗಳೂರಿಗೆ ಕನ್ನಡದಲ್ಲಿ ಒಂದು ಕಾಗದ ಬರೆದೆ. ಇದನ್ನು ಕಂಡುಹಿಡಿದದ್ದು ಇಂಥ ಊರಿನ ಇಂಥ ಹೆಂಗಸು, ಕೈಯಲ್ಲಿ ಬಳೆ ಇವೆ ಅಂತ.

ಅದಕ್ಕೆ ಉತ್ತರ ಬರುವ ಮೊದಲೇ ಬೇರೆ ಸುದ್ದಿ ಬಂತು. ಸೂಪರ್‌ವೈಸರು ಖುದ್ದಾಗಿ ಮಧುಗಿರಿಗೆ ಬಂದು, ಕುರ್ಚಿಯ ಮೇಲೆ ಕೂರದೆ, ನಿಮ್ಮ ಉಣ್ಣೆಯಿಂದ ಕೆಲಸ ಕೆಟ್ಟಿದೆ ಅಂದರು. ಅರಬರ ದೇಶದ ಶಾಖೆಯಲ್ಲಿ, ಬರ್ಮಾದ ಒಣ ಪ್ರಾಂತ್ಯದಲ್ಲಿ, ಹಾಳೆ ನೋಡಿ ಉಣ್ಣೆ ಇಟ್ಟ ಮಿಷನ್ನುಗಳು ಒಣಗಿ ಕಿರುಗುಟ್ಟುತ್ತಿದ್ದವಂತೆ. ಒಂದೆರಡರಲ್ಲಿ ಉಂಡೆ ಒಳಗೇ ಬಿದ್ದು ಸಿಕ್ಕಿಕೊಂಡಿತ್ತಂತೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಬೇರೆ ದೇಶದ ಶಾಖೆಯವರೆಲ್ಲ ಸೇರುತ್ತಾರೆ, ಅಲ್ಲಿ ಈ ಪದ್ಧತಿಯನ್ನು ರದ್ದು ಮಾಡುತ್ತಾರೆ ಅಂದರು. ಯಜಮಾನರ ಮುಖ ಸಣ್ಣದಾಯಿತು. ಹೊಸಕೋಟೆಯಲ್ಲಿ ಆರೂ ಮಿಷನ್ನುಗಳು ಇವತ್ತಿಗೂ ಓಡುತ್ತಿವೆಯಲ್ಲ ಅಂತ ಹೇಳಿದರು. ಹಾಗಾದರೆ ಆ ದೇಶದವರಿಗೆ ಯಾಕೆ ಆಗುತ್ತಿಲ್ಲ ಅಂತ ಸೂಪರ್‌ವೈಸರು ಕೇಳಿದಾಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹಾಗಾದರೆ ಗೊತ್ತಿರುವವರನ್ನೇ ಕರೆದುಕೊಂಡು ಬರುತ್ತೇವೆ ಅಂತ ನನ್ನ ಬಾಯಿಂದ ಬಂದುಬಿಟ್ಟಿತು.

ದೊಡ್ಡಮ್ಮ ಒಂದೇ ಮಾತಿಗೆ ಹೊರಟಳು. ಪಾವಗಡದಿಂದ ಮಧುಗಿರಿ, ಮಧುಗಿರಿಯಿಂದ ತುಮಕೂರು ಬಸ್ಸಿನಲ್ಲಿ, ತುಮಕೂರಿನಿಂದ ರೈಲು. ಅವಳು ರೈಲು ಹತ್ತಿದ್ದು ಅದೇ ಮೊದಲು. ಭಯಪಡಬಹುದು ಅಂತ ನಾನು ಕೈ ಹಿಡಿದುಕೊಂಡೆ. ರೈಲು ಹೊರಟದ್ದೇ ನನ್ನ ಕೈ ಬಿಡಿಸಿಕೊಂಡು ಕಿಟಕಿಗೆ ಹೋಗಿ, ಇದಕ್ಕೆ ಎಣ್ಣೆ ಎಲ್ಲಿ ಬಿಡುತ್ತಾರೆ ಅಂತ ಯಜಮಾನರನ್ನು ಕೇಳಿದಳು. ಬೆಂಗಳೂರು ಬರುವವರೆಗೂ ಅವರಿಬ್ಬರಿಗೂ ಅದೇ ಮಾತು.

ಕಂಪನಿಯ ದೊಡ್ಡ ಹಾಲಿನಲ್ಲಿ ನಲವತ್ತು ಜನರಿದ್ದರು. ಬಹಳಷ್ಟು ಕೋಟಿನ ಗಂಡಸರು. ಹೆಂಗಸರೆಂದರೆ ನಾವಿಬ್ಬರು ಮತ್ತು ಸಿಲೋನಿನ ಒಬ್ಬ ಟೀಚರು. ಮುಂದೆ ಒಂದು ಮಿಷನ್ನು. ಅದರ ಪಕ್ಕದಲ್ಲಿ ಹೆಡ್ಡಾಫೀಸಿನಿಂದ ಬಂದ ಬಿಳಿಯ ಇಂಜಿನಿಯರು, ಎತ್ತರದ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ದೊಡ್ಡಮ್ಮ ಹೇಳಿದ್ದನ್ನು ನಾನು ತಿಳಿಗನ್ನಡ ಮಾಡಬೇಕು, ಯಜಮಾನರು ಅದನ್ನು ಇಂಗ್ಲಿಷು ಮಾಡಬೇಕು, ಅಲ್ಲಿಂದ ಬರ್ಮಾದವರು ಬರ್ಮಾ ಭಾಷೆಗೆ, ಅರಬರ ದೇಶದವರು ಅವರ ಭಾಷೆಗೆ. ಅವಳು ಒಂದು ಮಾತು ಆಡಿದರೆ ಅದು ಹಾಲಿನ ಕೊನೆ ಮುಟ್ಟುವ ಹೊತ್ತಿಗೆ ಅವಳಿಗೆ ಎಲೆಅಡಿಕೆ ಹಾಕಿಕೊಳ್ಳುವಷ್ಟು ಪುರುಸೊತ್ತು ಸಿಗುತ್ತಿತ್ತು. ಹಾಕಿಕೊಂಡಳು ಕೂಡ.

ಇಂಜಿನಿಯರು ಮೊದಲು ತಮ್ಮ ಕೈಯಿಂದ ಹಾಳೆಯಲ್ಲಿರುವ ಹಾಗೆ ಉಣ್ಣೆ ಇಟ್ಟು ತೋರಿಸಿದರು. ದೊಡ್ಡಮ್ಮ ನೋಡಿ ತಲೆಯಾಡಿಸಿದಳು. ಅಷ್ಟು ಒತ್ತಿ ಗಿಡಿದರೆ ಎಣ್ಣೆ ಹೇಗೆ ಇಳಿಯಬೇಕು ಅಂದಳು. ಹಾಗಾದರೆ ಎಷ್ಟು ಅಂತ ಅವರು ಕೇಳಿದರು. ತೂಕ ಎಷ್ಟು, ದಪ್ಪ ಎಷ್ಟು, ಎಷ್ಟು ಒತ್ತಬೇಕು ಅಂತ ಪೆನ್ಸಿಲು ಹಿಡಿದು ನಿಂತರು.  ದೊಡ್ಡಮ್ಮ ಎರಡು ಬೆರಳಲ್ಲಿ ಉಣ್ಣೆ ಹೊಸೆದು ತೋರಿಸಿದಳು. ಹಿಂದೆ ಕೂತವರಿಗೆ ಬೆರಳು ಕಾಣಲಿಲ್ಲ, ಮುಂದಿನವರಿಗೆ ಕಂಡರೂ ತಿಳಿಯಲಿಲ್ಲ. ಸೂಪರ್‌ವೈಸರು ಗಡಿಯಾರ ನೋಡತೊಡಗಿದರು. 

ದೊಡ್ಡಮ್ಮ ಸುತ್ತ ಒಂದು ಸಲ ನೋಡಿ ನನ್ನನ್ನು ಕೇಳಿದಳು, “ಇವ್ರಿಗೆಲ್ಲ ಮಕ್ಳು ಮರಿ ಅವ್ಯಾ?”

ಇರಬೇಕು ಅಂದೆ.

“ಹಂಗಾದ್ರೆ ಹೇಳು. ಬಾಣಂತಿ ಕಿವಿಗೆ ಹತ್ತಿ ಇಡ್ತೀವಲ್ಲ, ಅಂಗೆ. ಬೀಳ್ಬಾರ್ದು, ಇಟ್ಟೈತೆ ಅನ್ನಾದೂ ತಿಳೀಬಾರ್ದು. ಕಿವಿ ಕೇಳ್ತಾನೂ ಇರ್ಬೇಕು.”

ನಾನು ಹೇಳಿದೆ, ಯಜಮಾನರು ಇಂಗ್ಲಿಷಿನಲ್ಲಿ ಹೇಳಿದರು. ಹೆತ್ತವಳ ಕಿವಿಗೆ ಹತ್ತಿ ಯಾಕೆ ಅಂತ ಇಂಜಿನಿಯರಿಗೆ ಗೊತ್ತಾಗಲಿಲ್ಲ. ಸಿಲೋನಿನ ಟೀಚರಿಗೆ ತಕ್ಷಣ ಗೊತ್ತಾಯಿತು. ಆಕೆ ಎದ್ದು ಬಂದು ದೊಡ್ಡಮ್ಮನ ಕೈಯಿಂದ ಒಂದು ಎಳೆ ಉಣ್ಣೆ ತೆಗೆದುಕೊಂಡು, ಉಂಡೆ ಮಾಡಿ, ತನ್ನ ಕಿವಿಯಲ್ಲಿಟ್ಟುಕೊಂಡಳು. ಒಂದು ಸಲ ತಲೆ ಅಲ್ಲಾಡಿಸಿದಳು, ಬೀಳಲಿಲ್ಲ. ಅದನ್ನೇ ತೆಗೆದು, ಅದೇ ಹದದಲ್ಲಿ ಮಿಷನ್ನಿನ ತೂತಿಗೆ ಇಟ್ಟಳು. ದೊಡ್ಡಮ್ಮ ಬೆರಳಿನಿಂದ ಮುಟ್ಟಿ ನೋಡಿ ಹೂಂಗುಟ್ಟಿದಳು.

ಆಮೇಲೆ ಆದದ್ದನ್ನು ನೆನೆಸಿಕೊಂಡರೆ ಈಗಲೂ ಪಕ್ಕೆ ಹಿಡಿಯುತ್ತದೆ. ಬರ್ಮಾದವರು ಉಣ್ಣೆ ಕೇಳಿದರು. ಅರಬರ ದೇಶದವರು ಕೇಳಿದರು. ನಾವು ತಂದಿದ್ದ ಉಣ್ಣೆಯ ಡಬ್ಬಿ ಕೈಯಿಂದ ಕೈಗೆ ಹೋಯಿತು. ಕೋಟು ತೊಟ್ಟು ಟೈ ಕಟ್ಟಿದ ದೊಡ್ಡ ಮನುಷ್ಯರೆಲ್ಲ ಕಿವಿಯಲ್ಲಿ ಕರಿಕುರಿಯ ಉಣ್ಣೆ ಇಟ್ಟುಕೊಂಡು, ಕೇಳಿಸುತ್ತದೆಯೇ ಅಂತ ಒಬ್ಬರನ್ನೊಬ್ಬರು ಅವರವರ ಭಾಷೆಯಲ್ಲಿ ಕೇಳುತ್ತ, ತಲೆ ಅಲ್ಲಾಡಿಸುತ್ತ ನಿಂತರು. ಸೂಪರ್‌ವೈಸರೂ ಇಟ್ಟುಕೊಂಡರು. ಇಂಜಿನಿಯರು ಗಟ್ಟಿಯಾಗಿ ಗಿಡಿದುಕೊಂಡಿದ್ದರಿಂದ ಯಾರು ಕರೆದರೂ ಅವರಿಗೆ ಕೇಳಿಸಲೇ ಇಲ್ಲ. ಯಜಮಾನರು ಹತ್ತಿರ ಹೋಗಿ, ಸಾರ್, ಮಿಷನ್ನಿಗೂ ಹೀಗೇ ಆಗುವುದು ಅಂತ ಕೈಸನ್ನೆಯಿಂದ ತಿಳಿಸಿದರು. ಆತ ಉಣ್ಣೆ ತೆಗೆದು, ನಕ್ಕು, ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದು ಕಿವಿ ಬರೆದುಕೊಂಡರು. ಸಂಜೆಯವರೆಗೆ ಮಿಷನ್ನು ಓಡಿಸಿ ನೋಡಿದರು. ಎಣ್ಣೆ ಇಳಿಯಿತು, ಕಿರುಗುಟ್ಟಲಿಲ್ಲ.

ಕಂಪನಿಯ ಪರವಾಗಿ ನಿಮಗೆ ಏನು ಕೊಡಬೇಕು ಅಂತ ಇಂಜಿನಿಯರು ಯಜಮಾನರಿಂದ ದೊಡ್ಡಮ್ಮನನ್ನು ಕೇಳಿಸಿದರು. ಹೊಸ ಮಿಷನ್ನನ್ನೇ ಕೇಳು ಅಂತ ನಾನು ಕಿವಿಯಲ್ಲಿ ಹೇಳಿದೆ. ಅವಳು ಒಪ್ಪಲಿಲ್ಲ.

“ಇದ್ರ ಹೊಟ್ಟೆ ಪೂರಾ ಬಿಚ್ಚಿ ತೋರ್ಸಕ್ಕೆ ಹೇಳು. ಹದ್ನೆಂಟ್ ವರ್ಸದಿಂದ ತುಳೀತಿವ್ನಿ. ಒಳ್ಗೆ ಏನೈತೆ ಅಂತ ಯಾರೂ ತೋರ್ಸ್ಲಿಲ್ಲ. ನಿನ್ ಗಂಡ ಅಡ್ಡ ನಿಂತ್ಕಂಡು ಬಿಚ್ತಾನೆ.”

ಯಜಮಾನರು ತಲೆ ತಗ್ಗಿಸಿದರು. ಅದು ನಿಜವಾಗಿತ್ತು. ಗಿರಾಕಿಯ ಎದುರಿಗೆ ಮಿಷನ್ನು ಬಿಚ್ಚಬಾರದು ಅಂತ ಮೆಕಾನಿಕ್ಕುಗಳಿಗೆ ಕಟ್ಟಪ್ಪಣೆಯಿತ್ತು. ದೇಶದಿಂದ ದೇಶಕ್ಕೆ ಬುದ್ಧಿ ಕಳಿಸುತ್ತಿದ್ದ ಕಂಪನಿ, ತುಳಿಯುವವಳಿಗೆ ಮಾತ್ರ ಒಳಗನ್ನು ತೋರಿಸುತ್ತಿರಲಿಲ್ಲ. ಸೂಪರ್‌ವೈಸರು ಏನೋ ಹೇಳಲು ಬಂದರು. ಇಂಜಿನಿಯರು ಅವರನ್ನು ತಡೆದು, ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ತೋಳು ಮಡಿಸಿಕೊಂಡು ನೆಲದ ಮೇಲೆ ಒಂದು ಬಟ್ಟೆ ಹಾಸಿದರು. ಒಂದೊಂದೇ ತಿರುಪು ಬಿಚ್ಚಿ ಸಾಲಾಗಿ ಇಟ್ಟರು. ದೊಡ್ಡಮ್ಮ ಎದುರಿಗೆ ಕುಕ್ಕರಗಾಲಲ್ಲಿ ಕೂತು ಪ್ರತಿಯೊಂದನ್ನೂ ಕೈಗೆ ತೆಗೆದುಕೊಂಡು, ಇದು ಯಾವುದನ್ನು ತಳ್ಳುತ್ತದೆ, ಅದು ಯಾವುದನ್ನು ಎತ್ತುತ್ತದೆ ಅಂತ ಕೇಳಿದಳು. ಒಂದು ಗಂಟೆಯಾದ ಮೇಲೆ ನನ್ನ ಕನ್ನಡವೂ ಯಜಮಾನರ ಇಂಗ್ಲಿಷೂ ಅವರಿಗೆ ಬೇಕಾಗಲಿಲ್ಲ. ಅವಳು ತೆಲುಗು ಬೆರೆತ ಕನ್ನಡದಲ್ಲಿ ಕೇಳುವಳು, ಆತ ಇಂಗ್ಲಿಷಿನಲ್ಲಿ ಹೇಳುವರು, ಇಬ್ಬರೂ ತಲೆಯಾಡಿಸುವರು. ಮತ್ತೆ ಜೋಡಿಸಿದ್ದು ಬಹುಪಾಲು ಅವಳೇ, ಒಂದು ಕಡೆ ಮಾತ್ರ ಇಂಜಿನಿಯರು. ಕೊನೆಗೆ ಒಂದೇ ಒಂದು ತಿರುಪು ಮಿಕ್ಕಿತು. ಅದೂ ಇಂಜಿನಿಯರು ಜೋಡಿಸಿದ ಕಡೆಯದು ಅಂತ ಅವಳು ಬೆರಳಿಟ್ಟು ತೋರಿಸಿದಳು.

ಆರು ತಿಂಗಳಿಗೆ ಎರಡನೆಯ ಹಾಳೆ ಬಂತು. ಅದರಲ್ಲಿ ಒಂದು ಕಿವಿಯ ಚಿತ್ರವಿತ್ತು. ಪಕ್ಕದಲ್ಲಿ ಮಿಷನ್ನು, ಉಣ್ಣೆ ಇಡುವ ಕೈಗೆ ನಾಲ್ಕು ಬಳೆ. ದೊಡ್ಡಮ್ಮ ಅದನ್ನು ನೋಡಿ, ತನ್ನ ಕೈಯ ಬಳೆ ಎಣಿಸಿ, ಎರಡು ಕಡಿಮೆ ಬರೆದಿದ್ದಾರೆ, ಆದರೂ ಸರೇ ಅಂದಳು. ಬರ್ಮಾದಿಂದಲೂ ಅರಬರ ದೇಶದಿಂದಲೂ ಆಮೇಲೆ ದೂರು ಬರಲಿಲ್ಲ. ಅರಬರ ದೇಶದವರು ಒಂಟೆಯ ಕೂದಲಲ್ಲೂ ಆಗುತ್ತದೆ ಅಂತ ಬರೆದರು. ಪಾವಗಡದ ಹೆಂಗಸರು ಒಂಟೆಯ ಚಿತ್ರ ತರಿಸಿ ಅಂತ ನನ್ನನ್ನು ಕಾಡಿದರು.

ಯುದ್ಧ ಶುರುವಾಗಿ ಹಡಗುಗಳು ನಿಂತಮೇಲೆ ಲಕೋಟೆಗಳೂ ನಿಂತವು. ಬಿಡಿಭಾಗ ಬರುವುದೂ ನಿಂತಿತು. ಆ ಐದಾರು ವರ್ಷ ಪಾವಗಡದ ಕಡೆಯ ಮಿಷನ್ನುಗಳನ್ನೆಲ್ಲ ದೊಡ್ಡಮ್ಮನೇ ಬಿಚ್ಚಿ ಕಟ್ಟಿದಳು. ನಮ್ಮ ಯಜಮಾನರು ಕೊಟ್ಟ ತಿರುಪುಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರೂರಿಗೆ ಹೋಗುತ್ತಿದ್ದಳು. ಬಿಚ್ಚುವಾಗ ಮನೆಯ ಹೆಂಗಸರನ್ನೆಲ್ಲ ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಯಾರಾದರೂ ಒಲೆಯ ಮೇಲೆ ಅನ್ನ ಇದೆ ಅಂತ ಏಳಲು ಹೋದರೆ, ಅನ್ನ ಇಳಿಸಿ ಬರುವವರೆಗೂ ಮುಂದಿನ ತಿರುಪಿಗೆ ಕೈ ಹಾಕುತ್ತಿರಲಿಲ್ಲವಂತೆ.